ನಾತವಿಲ್ಲದ ಬಂಡೆ

ಕಳೆದ ವರ್ಷ ಮಳೆ ಬಿಟ್ಟ ಮೇಲೆ ಒಂದು ದಿನ ಮೊಮ್ಮಗ ದಿನೇಶ ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ನಮ್ಮ ಹಳ್ಳದ, ಅಂದರೆ ತೋಡಿನ, ಬದಿಗೆ ಕರೆದುಕೊಂಡು ಹೋದ. ತೋಡಿಗೆ ಹೊಸದಾಗಿ ಕಿಂಡಿ ಅಣೆಕಟ್ಟು ಆಗಿದೆ, ಇವತ್ತು ಅದಕ್ಕೆ ಹಲಗೆ ಇಳಿಸುತ್ತಾರೆ, ಅಜ್ಜಿ ನೋಡಬೇಕು ಎಂದು ಅವನ ಆಸೆಯಂತೆ. ಇವನು ಕೆಲಸವಿಲ್ಲದೆ ಯಾರನ್ನೂ ಎಲ್ಲಿಗೂ ಕರೆದುಕೊಂಡು ಹೋಗುವವನಲ್ಲ. ಯಾವುದೋ ಕಾಗದಕ್ಕೆ ನನ್ನ ಸಹಿ ಬೇಕಾಗಿರಬೇಕು ಎಂದು ದಾರಿಯುದ್ದಕ್ಕೂ ಅವನ ಮುಖ ನೋಡುತ್ತಾ ಕೂತೆ. ಕಾಗದ ಹೊರಗೆ ಬರಲಿಲ್ಲ. ಬಂದಿದ್ದರೂ ಓದದೆ ಸಹಿ ಹಾಕುವವಳು ನಾನಲ್ಲ. ಮೂಡಬಿದ್ರೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಎಂಟನೇ ಕ್ಲಾಸಿನವರೆಗೆ ಓದಿದ್ದೇನೆ.

ಅಣೆಕಟ್ಟಿಗಿಂತ ಸ್ವಲ್ಪ ಮೇಲೆ, ನಾವು ಹಿಂದೆ ಬಟ್ಟೆ ಒಗೆಯುತ್ತಿದ್ದ ದೊಡ್ಡ ಬಂಡೆ ಇದೆ. ಅಲ್ಲಿ ಇಳಿಸು ಎಂದೆ. ಇಳಿದು ಬಂಡೆಗೆ ಕೈ ಊರಿದ್ದೇ ತಡ, ಮೂಗಿಗೆ ಹೊಡೆಯಿತು. ಹಳಸಿದ ಮೀನು, ಕೊಳೆತ ಪಾಚಿ, ಅದರ ಮೇಲೆ ಎಂಥದೋ ಕಸ್ತೂರಿಯ ಘಾಟು. ದಿನೇಶ ಮೂಗು ಮುಚ್ಚಿಕೊಂಡ.

‘ಎಂತ ನಾತ ಅಜ್ಜಿ ಇದು. ಯಾರೋ ಮೀನಿನ ಕಸ ತಂದು ಬಿಸಾಡಿದ್ದಾರೆ. ಬನ್ನಿ, ಆಚೆ ಹೋಗುವ.’

ನನಗೂ ಮೊದಲು ಅದೇ ಸಂಶಯ. ಈಗಿನ ಜನ ತೋಡಿಗೆ ಏನನ್ನು ತಂದು ಸುರಿಯುವುದಿಲ್ಲ? ಆದರೂ ಬಗ್ಗಿ ನೋಡಿದೆ. ಬಂಡೆಯ ನೆತ್ತಿಯ ಮೇಲೆ ಒಂದಷ್ಟು ಕಪ್ಪು ಹಿಕ್ಕೆ ಬಿದ್ದಿತ್ತು. ಅದರ ತುಂಬ ಏಡಿಚಿಪ್ಪಿನ ಕೆಂಪು, ಬಿಳಿ ಚೂರುಗಳು. ‘ನೀನು ಹೋಗಿ ಹಲಗೆ ನೋಡು. ನಾನು ಇಲ್ಲೇ ಕೂರ್ತೇನೆ’ ಎಂದು ಅವನನ್ನು ಕಳಿಸಿದೆ.

ಆ ಬಂಡೆ ನಾರಿ ಎಷ್ಟು ಕಾಲವಾಯಿತು. ಅದು ನಾರುವುದು ನಿಂತ ವರ್ಷ ನನ್ನ ಸಂಸಾರ ಮುಳುಗುವುದರಲ್ಲಿತ್ತು.

ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಆಚೀಚೆಯ ಕಾಲ ಅದು. ನಾನು ಮದುವೆಯಾಗಿ ವಾಮದಪದವಿನ ಕೆಳಗಿನ ಈ ಗದ್ದೆಬೈಲಿಗೆ ಬಂದೆ. ನನ್ನ ತವರು ದೂರವೇನಲ್ಲ, ಇದೇ ತೋಡಿನ ದಾರಿಯಲ್ಲಿ ಒಂದು ಮೈಲು ಕೆಳಗೆ. ಇಲ್ಲಿ ಹರಿದ ನೀರು ಅಲ್ಲಿಗೆ ಹೋಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ವರ್ಷದ ಅನರ್ಥಕ್ಕೆಲ್ಲ ಇದೇ ಮೂಲ. ಇನ್ನೊಂದು ಮಾತು. ನಮ್ಮದು ಅಳಿಯಕಟ್ಟಿನ ಕುಟುಂಬ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ನನ್ನ ಮಕ್ಕಳಿಗೆ ಪಾಲು ಇರುವುದು ನನ್ನ ತವರಿನ ಗದ್ದೆಯಲ್ಲಿ, ಗಂಡನ ಮನೆಯ ಗದ್ದೆಯಲ್ಲಿ ಅಲ್ಲ. ಹೀಗಾಗಿ ಸೊಸೆ ಎಷ್ಟು ದುಡಿದರೂ ಗಂಡನ ಮನೆಯವರಿಗೆ ಒಳಗೊಳಗೇ ಒಂದು ಅಳುಕು: ಇವಳ ಕಾಲು ಇಲ್ಲಿ, ಮನಸ್ಸು ತವರಿನಲ್ಲಿ.

ಮನೆಯಲ್ಲಿ ಯಜಮಾನಿಕೆ ನನ್ನ ಗಂಡನ ಸೋದರಮಾವನದು. ನಾವೆಲ್ಲ ಅವರನ್ನು ಯಜಮಾನರು ಎಂದೇ ಕರೆಯುತ್ತಿದ್ದೆವು. ಅವರ ತಂಗಿ ನನ್ನ ಅತ್ತೆ. ನಾನು ಮಾಮಿ ಎನ್ನುತ್ತಿದ್ದೆ. ಮಾಮಿ ಮಾತು ಕಡಿಮೆ, ನೋಟ ಜಾಸ್ತಿ. ಅಕ್ಕಿ ತೊಳೆಯುವಾಗ ಹಿಂದೆ ನಿಂತು ನೋಡುವರು. ನಾನು ತಿರುಗಿ ನೋಡಿದರೆ ಚಾವಡಿಯ ಕಡೆಗೆ ಮುಖ ಮಾಡುವರು. ನನಗೂ ಆ ಗುಣ ಇತ್ತು. ಹೀಗೆ ಒಂದೇ ಅಡುಗೆಮನೆಯಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ದಿನ ಕಳೆಯುತ್ತಿದ್ದೆವು.

ಬಂಡೆಯ ನಾತ ನನಗೆ ಮೊದಲ ದಿನವೇ ಪರಿಚಯವಾಯಿತು. ಬಟ್ಟೆಯ ಗಂಟು ತಲೆಯ ಮೇಲಿಟ್ಟು ಹೋದರೆ, ಬಂಡೆಯ ತುಂಬ ನೀರುನಾಯಿಯ ಹಿಕ್ಕೆ. ರಾತ್ರಿ ಏಡಿ ತಿಂದು ಬೆಳಗ್ಗೆ ನಾವು ಒಗೆಯುವ ಜಾಗದಲ್ಲೇ ಹಾಕಿ ಹೋಗುತ್ತಿದ್ದವು. ನೆರೆಮನೆಯ ಗಿರಿಜಕ್ಕ ಮತ್ತು ನಾನು ದಿನಾ ಕೊಡಗಟ್ಟಲೆ ನೀರು ಸುರಿದು ಬಂಡೆ ತೊಳೆದು, ಆಮೇಲೆ ಬಟ್ಟೆಗೆ ಕೈ ಹಾಕಬೇಕು. ‘ಈ ದರಿದ್ರದವಕ್ಕೆ ಬೇರೆ ಕಲ್ಲೇ ಇಲ್ಲವಾ’ ಎಂದು ಗಿರಿಜಕ್ಕ ಬಯ್ಯುತ್ತಿದ್ದಳು. ಸಂಜೆಯ ಹೊತ್ತು ಕಟ್ಟದ ನೀರಿನಲ್ಲಿ ಅವು ಸಿಳ್ಳೆ ಹಾಕುವ ಸದ್ದು ಕೇಳುತ್ತಿತ್ತು. ಒಂದೆರಡು ಸಲ ಚಪ್ಪಟೆ ತಲೆ ಎತ್ತಿ ನನ್ನನ್ನೇ ನೋಡಿದ್ದೂ ಉಂಟು. ನನಗೇನೂ ಅವುಗಳ ಮೇಲೆ ಪ್ರೀತಿ ಹುಟ್ಟಲಿಲ್ಲ. ಬಟ್ಟೆಗೆ ಆ ನಾತ ಹಿಡಿದರೆ ಮಾಮಿಯ ನೋಟಕ್ಕೆ ಉತ್ತರ ಕೊಡಬೇಕಾದವಳು ನಾನು.

ಕಟ್ಟ ಎಂದರೆ ಈಗಿನವರಿಗೆ ಬಿಡಿಸಿ ಹೇಳಬೇಕು. ಮಳೆ ನಿಂತು, ವರ್ಷದ ಮೊದಲ ಬೆಳೆ ಏಣೆಲು ಕೊಯ್ದ ಮೇಲೆ ತೋಡಿಗೆ ಅಡ್ಡಲಾಗಿ ಗೂಟ ಹೊಡೆದು, ಕಲ್ಲು ಪೇರಿಸಿ, ಸೊಪ್ಪು ಹಾಸಿ, ಮಣ್ಣು ಹಾಕಿ ಮೆಟ್ಟಿ ಮೆಟ್ಟಿ ಒಡ್ಡು ಕಟ್ಟುತ್ತಿದ್ದರು. ನೀರು ಹಿಂದಕ್ಕೆ ತುಂಬಿ ಕಾಲುವೆಗೆ ಏರಬೇಕು. ಆ ನೀರಿನಲ್ಲೇ ಎರಡನೆಯದಾದ ಸುಗ್ಗಿ ಬೆಳೆ. ನೀರು ಉಳಿದರೆ ಆಮೇಲೆ ಮೂರನೆಯದು, ಕೊಳಕೆ. ಬಾವಿಗಳಲ್ಲಿ ನೀರು ನಿಲ್ಲುವುದೂ ಅದರ ದೆಸೆಯಿಂದಲೇ. ಮಳೆ ಬಂದಾಗ ಕಟ್ಟ ಕೊಚ್ಚಿ ಹೋಗುತ್ತದೆ, ಮರುವರ್ಷ ಮತ್ತೆ ಕಟ್ಟಬೇಕು. ನಮ್ಮ ಬೈಲಿನಲ್ಲಿ ಪ್ರತಿ ಮನೆಗೂ ಕಟ್ಟದಲ್ಲಿ ಒಂದೊಂದು ಪಾಲು. ಅವರವರ ಪಾಲನ್ನು ಅವರವರೇ ಕಟ್ಟಬೇಕು. ಯಾರ ಪಾಲಿನಲ್ಲಿ ನೀರು ಸೋರುತ್ತದೋ ಆ ಮನೆಗೆ ಆ ಸಲದ ನೀರಿನ ಸರದಿ ಇಲ್ಲ. ಬೈಲಿನ ಕಟ್ಟಕ್ಕೂ ಮೇಲಾಳು ನಮ್ಮ ಯಜಮಾನರೇ. ನಡುವಿನ ಪಾಲು ಅವರು ನಿಂತು ಕಟ್ಟಿಸುವುದು, ಬಂಡೆಯ ಬದಿಯದು ನನ್ನ ಗಂಡ ಕಟ್ಟುವುದು. ನನ್ನ ತವರಿನಲ್ಲಿ ಹಾಗಲ್ಲ. ಅಲ್ಲಿ ತೋಡು ಕಿರಿದು, ಕಟ್ಟ ಸಣ್ಣದು, ನಮ್ಮ ಒಂದೇ ಮನೆಯದು. ಅಣ್ಣ ಸಂಕಪ್ಪ ಅದನ್ನು ಕಟ್ಟುತ್ತಿದ್ದ.

ಮದುವೆಯಾದ ಮರುವರ್ಷದ ಬೇಸಗೆಯಲ್ಲಿ ಪಾಣೆಮಂಗಳೂರಿನ ಕಡೆಯಿಂದ ಒಬ್ಬ ತೊಗಲಿನ ವ್ಯಾಪಾರಿ ಬಂದ. ಚೀಲದಲ್ಲಿ ಕಬ್ಬಿಣದ ಬೋನು. ಬಂದವನೇ ಯಜಮಾನರ ಎದುರು ಕೂತು, ನಿಮ್ಮ ತೋಡಿನ ದೊಡ್ಡ ಮೀನನ್ನೆಲ್ಲ ನೀರುನಾಯಿ ತಿನ್ನುತ್ತದೆ, ನಾನು ಅವನ್ನು ತೆಗೆದು ಕೊಡುತ್ತೇನೆ, ತೊಗಲು ನನಗಿರಲಿ ಎಂದ. ಯಜಮಾನರಿಗೆ ಮೀನಿನ ಚಪಲ. ಮೇಲಿಂದ ಅವನು ಹೊಸ ಟಾರ್ಚು ಲೈಟೊಂದನ್ನು ಅವರ ಕೈಯಲ್ಲಿಟ್ಟ. ನಮ್ಮ ಬೈಲಿಗೆ ಬಂದ ಮೊದಲ ಟಾರ್ಚು ಅದು. ಹಗಲಿನಲ್ಲೂ ಅದನ್ನು ಹೊತ್ತಿಸಿ ಮಾಡಿನ ಮೂಲೆ ನೋಡುತ್ತಿದ್ದರು.

ನನಗೆ ಆ ವ್ಯಾಪಾರಿಯ ಮೇಲೆ ಮೊದಲಿಂದಲೇ ಸಂಶಯ. ಆದರೆ ಸಂಶಯ ಬಿದ್ದದ್ದು ತಪ್ಪು ಜಾಗಕ್ಕೆ ಬಿಡಿ. ಇವನು ನಮ್ಮ ತಾಮ್ರದ ಹಂಡೆಗಳ ಮೇಲೆ ಕಣ್ಣು ಹಾಕಲು ಬಂದವನು ಎಂದು ಅವನಿದ್ದಷ್ಟು ದಿನವೂ ಬಚ್ಚಲಿನ ಬಾಗಿಲು ಕಾದೆ. ಅವನು ಹಂಡೆಯನ್ನು ತಿರುಗಿಯೂ ನೋಡಲಿಲ್ಲ. ಕೊಟ್ಟಿಗೆಯ ಗೋಡೆಗೆ ಒಂದರ ಪಕ್ಕ ಒಂದು ತೊಗಲು ಹೊಡೆದು ಒಣಗಿಸಿದ. ದೊಡ್ಡವು, ಸಣ್ಣವು, ಮರಿಗಳವೂ ಇದ್ದವು. ಮಾಮಿ ಅದನ್ನು ನೋಡಿ, ‘ಮರಿಯನ್ನಾದರೂ ಬಿಡಬಹುದಿತ್ತು’ ಎಂದರು. ಯಜಮಾನರು, ‘ನಿನಗೆ ಮೀನು ಬೇಡವಾ?’ ಎಂದು ನಕ್ಕರು. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಮಳೆಗಾಲ ಕಳೆಯಿತು. ನನಗೆ ತವರಿನಲ್ಲಿ ಹೆಣ್ಣುಮಗು ಹುಟ್ಟಿ, ಮಗುವನ್ನು ಎತ್ತಿಕೊಂಡು ಬಂದಾಗ ಬಂಡೆ ತೊಳೆದಿಟ್ಟ ಹಾಗಿತ್ತು. ಹಿಕ್ಕೆ ಇಲ್ಲ, ನಾತ ಇಲ್ಲ. ಗಿರಿಜಕ್ಕ ಬಂಡೆಯ ಮೇಲೆ ಕಾಲು ಚಾಚಿ ಕೂತು ವೀಳ್ಯ ಹಾಕುತ್ತಿದ್ದಳು. ‘ಈಗ ನೋಡು, ದೇವರ ಚಾವಡಿಯ ಹಾಗೆ ಉಂಟು’ ಎಂದಳು. ನಾನೂ ಖುಷಿಪಟ್ಟೆ. ಮಗುವಿನ ಬಟ್ಟೆ ದಿನಾ ಒಗೆಯಬೇಕಾದವಳಿಗೆ ಅದಕ್ಕಿಂತ ದೊಡ್ಡ ಉಪಕಾರ ಏನಿದೆ?

ಆ ವರ್ಷವೂ ಕಟ್ಟ ಕಟ್ಟಿದರು. ನನ್ನ ಗಂಡ ತನ್ನ ಪಾಲಿನ ಮಣ್ಣನ್ನು ಎತ್ತಿನಿಂದ ಮೆಟ್ಟಿಸಿ, ಮೇಲೆ ತಾನೂ ಮೆಟ್ಟಿದರು. ನೀರು ಕಾಲುವೆಗೆ ಏರಿತು. ಸುಗ್ಗಿ ನೇಜಿ ನೆಟ್ಟೆವು. ಗದ್ದೆ ಹಸುರಾಯಿತು. ಹೊಡೆ ಹೊರಡುವ ಹೊತ್ತಿಗೆ ಒಂದು ಬೆಳಗ್ಗೆ ನೋಡಿದರೆ ಕಾಲುವೆ ಒಣಗಿತ್ತು.

ನಮ್ಮ ಪಾಲಿನಲ್ಲಿ ತೂತು. ಹೊರಮೈಯಲ್ಲಿ ತೋಳಿನ ಗಾತ್ರಕ್ಕೆ ನೀರು ಚಿಮ್ಮುತ್ತಿತ್ತು. ತೂತು ದುಂಡಗೆ, ಸಬ್ಬಲಿನಿಂದ ಹೊಡೆದ ಹಾಗೆ. ಮಣ್ಣು, ಬೈಹುಲ್ಲು ತುಂಬಿ ಮುಚ್ಚಿದರು. ಮರುದಿನ ಅದರ ಪಕ್ಕದಲ್ಲೇ ಇನ್ನೊಂದು. ಅದನ್ನೂ ಮುಚ್ಚಿದರೆ ಇನ್ನೊಂದು. ಗಿರಿಜಕ್ಕನ ಗಂಡ ಬೆಳ್ತಂಗಡಿಯಲ್ಲಿ ಮರದ ಕೆಲಸಕ್ಕೆ ಹೋಗುತ್ತಿದ್ದವನು ಅಂದು ಊರಲ್ಲಿದ್ದ. ‘ಏಡಿಯ ಕೆಲಸ ಇರಬಹುದಾ ಯಜಮಾನರೇ?’ ಎಂದು ಕೇಳಿದ.

‘ಏಡಿ ಗದ್ದೆಯ ಬದು ಕೊರೆಯುತ್ತದೆ. ಕಟ್ಟ ಕೊರೆದದ್ದನ್ನು ನಾನು ಹುಟ್ಟಿದ ಮೇಲೆ ಕಂಡಿಲ್ಲ. ಇದು ಎರಡು ಕಾಲಿನವರ ಕೆಲಸ’ ಎಂದರು ಯಜಮಾನರು.

ಅವರು ಹಾಗೆ ಹೇಳಿದ್ದೇ ಸಾಕು, ಎಲ್ಲರ ಕಣ್ಣೂ ನೀರು ಹೋಗುವ ಕಡೆಗೆ ತಿರುಗಿತು. ಇಲ್ಲಿ ಸೋರಿದ ನೀರು ಎಲ್ಲಿಗೆ ಹೋಗುತ್ತದೆ? ಸಂಕಪ್ಪನ ಕಟ್ಟಕ್ಕೆ. ಸಂಕಪ್ಪನ ಗದ್ದೆ ಯಾರ ಮಕ್ಕಳಿಗೆ? ಇವಳ ಮಕ್ಕಳಿಗೆ. ತೂತು ಯಾರ ಪಾಲಿನಲ್ಲಿ? ಇವಳ ಗಂಡನ ಪಾಲಿನಲ್ಲಿ, ಇವಳು ದಿನಾ ಒಬ್ಬಳೇ ಬಂದು ಬಟ್ಟೆ ಒಗೆಯುವ ಬಂಡೆಯ ಪಕ್ಕದಲ್ಲಿ. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅಲ್ಲಿಂದ ಮನೆಯ ಗಾಳಿ ಬದಲಾಯಿತು. ಕೊಟ್ಟಿಗೆಯ ಮೂಲೆಯಲ್ಲಿ ಇರುತ್ತಿದ್ದ ಸಬ್ಬಲನ್ನು ಮಾಮಿ ತನ್ನ ಮಂಚದ ಕೆಳಗೆ ಇಟ್ಟುಕೊಂಡರು. ನಾನು ಬಂಡೆಗೆ ಹೊರಟರೆ ಅವರಿಗೂ ತೋಡಿನ ಬದಿಯಲ್ಲಿ ಏನೋ ಕೆಲಸ ಹುಟ್ಟುತ್ತಿತ್ತು. ಗಿರಿಜಕ್ಕ ಬಂಡೆಯ ಇನ್ನೊಂದು ತುದಿಗೆ ಸರಿದು ಒಗೆಯತೊಡಗಿದಳು. ಯಜಮಾನರು ಟಾರ್ಚು ಹಿಡಿದು ಕಟ್ಟ ಕಾಯಲು ಹೋಗುತ್ತಿದ್ದರು. ಜೊತೆಗೆ ನನ್ನ ಗಂಡನೂ ಹೋಗುತ್ತಿದ್ದರು. ಬೆಳಗಾದ ಮೇಲೆ ಬಂದು ಗೋಡೆಯ ಕಡೆಗೆ ಮುಖ ಮಾಡಿ ಮಲಗುವರು. ಇವರು ಕಳ್ಳನನ್ನು ಕಾಯಲು ಹೋಗುತ್ತಾರೋ, ಹೆಂಡತಿ ಬರುತ್ತಾಳೋ ಎಂದು ನೋಡಲು ಹೋಗುತ್ತಾರೋ ನನಗೆ ತಿಳಿಯಲಿಲ್ಲ. ಕೇಳಿದೆ. ‘ಮಗು ಏಳ್ತದೆ, ಸುಮ್ಮನಿರು’ ಎಂದರು. ಅದು ಉತ್ತರವಾ?

ನಾನೇನು ಸುಮ್ಮನೆ ಕೂತಿರಲಿಲ್ಲ. ನಾನೂ ಒಬ್ಬೊಬ್ಬರನ್ನಾಗಿ ತೂಗಿ ನೋಡಿದೆ. ಗಿರಿಜಕ್ಕನ ಗಂಡ ಏಡಿಯ ಹೆಸರು ಯಾಕೆ ಎತ್ತಿದ? ತನ್ನ ಮೇಲೆ ಬಾರದಿರಲಿ ಎಂದೋ? ಮಾಮಿಗೆ ನಾನು ಹೋಗಲಿ ಎಂಬ ಆಸೆ ಇದ್ದಿರಬಹುದಲ್ಲ? ಕೊನೆಗೆ ಅಣ್ಣನ ಮೇಲೂ ಸಂಶಯ ಬಂತು. ದೀಪಾವಳಿಗೆ ಬಂದವನು, ‘ನಿಮ್ಮ ಕಟ್ಟ ಈ ವರ್ಷ ಎಷ್ಟು ಎತ್ತರ ಕಟ್ತಾರೆ?’ ಎಂದು ಕೇಳಿದ್ದ. ಆಗ ಅದು ಬರೀ ಮಾತು. ಈಗ ಅದೇ ಮಾತು ಗಂಟಲಿಗೆ ಸಿಕ್ಕಿದ ಮುಳ್ಳಾಯಿತು. ಒಡಹುಟ್ಟಿದವನ ಮೇಲೆ ಸಂಶಯವಾ ಎಂದು ಕೇಳುವವರಿದ್ದಾರೆ. ಬಂದದ್ದನ್ನು ಬರಲಿಲ್ಲ ಎಂದು ಹೇಳಲಾ?

ಹೊಡೆ ಬಾಡತೊಡಗಿತು. ಬೈಲಿನವರ ಪಿಸುಮಾತು ಯಜಮಾನರ ಕಿವಿಗೂ ಬಿತ್ತು: ಬೇರೆಯವರ ಪಾಲು ಸೋರಿದ್ದರೆ ಇಷ್ಟು ದಿನ ಬಿಡುತ್ತಿದ್ದರಾ, ಮನೆಯವಳು ಎಂದು ಬಿಟ್ಟಿದ್ದಾರೆ. ಅದು ಅವರಿಗೆ ತಡೆಯಲಾಗಲಿಲ್ಲ. ಒಂದು ಸಂಜೆ ಜಗಲಿಯಲ್ಲಿ ಕೂತು ನನ್ನನ್ನು ಕರೆದರು. ನನ್ನ ಗಂಡ ಕಂಬಕ್ಕೆ ಒರಗಿ ನಿಂತಿದ್ದರು. ಮಾಮಿ ಬಾಗಿಲಲ್ಲಿ.

‘ನೋಡು ಕಲ್ಯಾಣಿ, ನಾನು ನಿನ್ನನ್ನು ಕಳ್ಳಿ ಅಂತ ಹೇಳುವುದಿಲ್ಲ. ನಾನು ಕಣ್ಣಿಂದ ಕಂಡದ್ದಲ್ಲ. ಬರುವ ನೇಮದಲ್ಲಿ ದೈವದ ಎದುರು ನಿನ್ನ ಅಣ್ಣ ಪ್ರಮಾಣ ಮಾಡಲಿ. ಅಲ್ಲಿಯವರೆಗೆ ನೀನು ತವರಲ್ಲಿ ಇರು. ನಾಳೆ ಬಂದು ಕರ್ಕೊಂಡು ಹೋಗ್ಲಿಕ್ಕೆ ಸಂಕಪ್ಪನಿಗೆ ಹೇಳಿ ಕಳಿಸಿದ್ದೇನೆ.’

ಇದರ ಅರ್ಥ ಎಲ್ಲರಿಗೂ ಗೊತ್ತಿತ್ತು. ನಮ್ಮ ಕಟ್ಟಿನಲ್ಲಿ ಹೆಣ್ಣು ಮಗುವಿನ ಜೊತೆ ತವರಿಗೆ ಹೋಗಿ ಕೂತರೆ ಅವಳನ್ನು ಯಾರೂ ಹೊರಗೆ ಹಾಕುವುದಿಲ್ಲ, ಅನ್ನಕ್ಕೆ ಕೊರತೆ ಇಲ್ಲ. ಹಾಗೆಂದೇ ಗಂಡನ ಮನೆಯವರಿಗೆ ಕಳಿಸುವುದೂ ಸುಲಭ. ಇಂಥ ಮಾತಿಗೆ ಹೋದವಳನ್ನು ಮತ್ತೆ ಯಾರೂ ಕರೆಯಲು ಬರುವುದಿಲ್ಲ. ಪ್ರಮಾಣ ಆದ ಮೇಲೆ ಎರಡು ಮನೆಗಳು ಒಬ್ಬರ ಮನೆಯಲ್ಲಿ ಒಬ್ಬರು ನೀರೂ ಮುಟ್ಟುವುದಿಲ್ಲ. ನಾನು ಗಂಡನ ಮುಖ ನೋಡಿದೆ. ಅವರು ಕಂಬದ ಮುಖ ನೋಡಿದರು. ನನಗೆ ಅವರು ಬೇಕಿತ್ತು. ಆ ಮನುಷ್ಯ ಮಾತಾಡದಿದ್ದರೂ ಮಗುವಿಗೆ ಜ್ವರ ಬಂದರೆ ರಾತ್ರಿಯಿಡೀ ಹೆಗಲ ಮೇಲೆ ಹಾಕಿಕೊಂಡು ನಡೆಯುತ್ತಿದ್ದರು. ಅಂಥವರನ್ನು ಒಂದು ಮಣ್ಣಿನ ತೂತಿಗಾಗಿ ಕಳೆದುಕೊಳ್ಳಬೇಕಾ?

ಮರುದಿನ ಬೆಳಗ್ಗೆ ಮಗುವಿನ ಬಟ್ಟೆ ಒಗೆದುಕೊಂಡು ಹೊರಡಬೇಕು ಎಂದು ಬಂಡೆಗೆ ಹೋದೆ. ಮಾಮಿ ಅಂದು ಹಿಂದೆ ಬರಲಿಲ್ಲ. ಹೋಗುವವಳನ್ನು ಇನ್ನೇನು ಕಾಯುವುದು ಎಂದುಕೊಂಡಿರಬೇಕು. ಬಟ್ಟೆಗೆ ಕೈ ಹಾಕಲು ಮನಸ್ಸಾಗಲಿಲ್ಲ. ಇಷ್ಟು ದಿನ ಎಲ್ಲರೂ ತೂತನ್ನು ಹೊರಮೈಯಲ್ಲಿ ನೋಡಿದ್ದಾರೆ, ಒಳಮೈಯಲ್ಲಿ, ನೀರಿನ ಕೆಳಗೆ ಏನುಂಟು ಎಂದು ಯಾರು ಕೈಹಾಕಿ ನೋಡಿದ್ದಾರೆ? ನನ್ನ ತಲೆ ಹೋಗುವುದಾದರೆ ನಾನೇ ಮುಟ್ಟಿ ನೋಡಿ ಹೋಗುತ್ತೇನೆ. ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದೆ. ಎದೆಯವರೆಗೆ ಬಂತು. ಒಡ್ಡಿನ ಮೈಯನ್ನು ಕೈಯಿಂದ ಸವರುತ್ತಾ ಹೋದೆ. ಒಂದು ತೂತು. ಅದರ ಪಕ್ಕ ಇನ್ನೊಂದು. ಅದರ ಕೆಳಗೆ ಇನ್ನೊಂದು. ಕೈಗೆ ಸಿಕ್ಕಿದಲ್ಲೆಲ್ಲ ತೂತು. ಒಂದರೊಳಗೆ ಬೆರಳು ಹಾಕಿದೆ. ಕತ್ತರಿ ಕಚ್ಚಿದ ಹಾಗೆ ಕಚ್ಚಿತು.

ಕೂಗಲಿಲ್ಲ. ಸಿಟ್ಟಿನಲ್ಲಿ ನೋವು ತಿಳಿಯಲೇ ಇಲ್ಲ. ಕೈ ಎತ್ತಿದರೆ ಅಂಗೈಯಗಲದ ಏಡಿ ನನ್ನ ಬೆರಳಿಗೆ ನೇತಾಡುತ್ತಿತ್ತು. ಅದನ್ನು ಬಿಡಿಸಲೂ ಇಲ್ಲ. ಹಾಗೇ ನೀರು ಸುರಿಸಿಕೊಂಡು, ರಕ್ತ ಸುರಿಸಿಕೊಂಡು ಅಂಗಳಕ್ಕೆ ಹೋಗಿ ಯಜಮಾನರ ಮುಂದೆ ಕೈ ಚಾಚಿದೆ.

‘ಇವನು ನೋಡಿ ಕಳ್ಳ. ಕಟ್ಟದ ಒಳಮೈ ತುಂಬ ಇದ್ದಾನೆ. ಇವನಿಂದ ಪ್ರಮಾಣ ಮಾಡಿಸಿ.’

ಯಜಮಾನರು ಸೋಲುವವರಲ್ಲ. ‘ಏಡಿ ನನ್ನ ಅಜ್ಜನ ಕಾಲದಲ್ಲೂ ಇತ್ತು’ ಎಂದರು. ‘ಇಷ್ಟು ವರ್ಷ ಇಲ್ಲದೆ ಈ ವರ್ಷ ಮಾತ್ರ ಕಟ್ಟ ಕೊರೆಯಲಿಕ್ಕೆ ಅದಕ್ಕೆ ಯಾರು ಹೇಳಿದ್ದು? ನಿನ್ನ ಅಣ್ಣನಾ?’

ಅದು ಸರಿಯಾದ ಪ್ರಶ್ನೆಯೇ. ಈ ವರ್ಷ ಮಾತ್ರ ಯಾಕೆ? ಆಗ ಬಾಗಿಲಲ್ಲಿದ್ದ ಮಾಮಿ ಮೆಟ್ಟಿಲಿಳಿದು ಬಂದರು. ನನ್ನ ಬೆರಳಿನಿಂದ ಏಡಿಯನ್ನು ಬಿಡಿಸಿ ತೆಗೆದು, ಅದನ್ನು ಕೊಟ್ಟಿಗೆಯ ಗೋಡೆಯ ಕಡೆಗೆ ಎತ್ತಿ ಹಿಡಿದರು. ತೊಗಲು ಹೊಡೆದಿದ್ದ ಮೊಳೆಗಳ ಗುರುತು ಗೋಡೆಯಲ್ಲಿ ಇನ್ನೂ ಇತ್ತು.

‘ಅಣ್ಣ, ಇದನ್ನು ತಿನ್ನುವವರು ಇದ್ದರು. ನೀನು ಅವರನ್ನು ಇಲ್ಲಿ ಹೊಡೆದು ಒಣಗಿಸಿದಿ. ಬಂಡೆ ನಾರದೆ ಎಷ್ಟು ದಿನ ಆಯ್ತು ಗೊತ್ತುಂಟಾ ನಿನಗೆ? ನನಗೆ ಗೊತ್ತುಂಟು. ದಿನಾ ಇವಳ ಹಿಂದೆ ಹೋಗಿ ನೋಡಿದ್ದೇನೆ.’

ನನ್ನ ಗಂಡ ಕಂಬ ಬಿಟ್ಟು ತೋಡಿಗೆ ಓಡಿದರು. ನಾವೆಲ್ಲ ಹಿಂದೆ ಹೋದೆವು. ಅವರು ನೀರಿಗೆ ಇಳಿದು ಕಟ್ಟದ ಉದ್ದಕ್ಕೂ ಕೈಯಾಡಿಸುತ್ತಾ ನಡೆದರು. ನಮ್ಮ ಪಾಲಿನಲ್ಲಿ ತೂತು, ಗಿರಿಜಕ್ಕನವರ ಪಾಲಿನಲ್ಲಿ ತೂತು, ಯಜಮಾನರು ನಿಂತು ಕಟ್ಟಿಸಿದ ನಡುವಿನ ಪಾಲಿನಲ್ಲೂ ತೂತು. ಅವು ಇನ್ನೂ ಆಚೆಗೆ ಹಾಯ್ದಿರಲಿಲ್ಲ, ಅಷ್ಟೆ. ‘ಇಲ್ಲಿಯೂ ಉಂಟು’ ಎಂದು ಪ್ರತಿ ಸಲ ನನ್ನ ಕಡೆಗೆ ನೋಡಿ ಹೇಳಿದರು. ಅಷ್ಟು ದಿನದ ಮೇಲೆ ಅವರು ನನ್ನ ಮುಖ ನೋಡಿ ಮಾತಾಡಿದ್ದು ಅದೇ.

ನನ್ನ ಎದೆಯ ಭಾರ ಇಳಿಯಿತು. ಇಳಿದು ಒಂದು ಗಳಿಗೆಯೂ ಆಗಿರಲಿಲ್ಲ, ತೋಡಿನ ಕೆಳಗಿನ ದಾರಿಯಿಂದ ಅಣ್ಣ ಬಂದ. ತೊಡೆಯವರೆಗೆ ಕೆಸರು, ಹೆಗಲ ಮೇಲೆ ಗುದ್ದಲಿ. ನನ್ನನ್ನು ಕರೆದುಕೊಂಡು ಹೋಗಲು ಬಂದವನ ವೇಷವೇ ಅದಲ್ಲ. ಯಜಮಾನರ ಎದುರು ನಿಂತು ಗುದ್ದಲಿ ಕೆಳಗಿಟ್ಟ.

‘ನಮ್ಮ ಕಟ್ಟ ಒಡೆದು ಬಂದೆ. ಈಗ ಅಲ್ಲಿ ಒಂದು ಚೊಂಬು ನೀರಿಲ್ಲ. ನಿಮ್ಮ ನೀರು ಎಷ್ಟು ಬಂದರೂ ಹೊಳೆಗೆ ಹೋಗ್ತದೆ, ನನ್ನ ಗದ್ದೆಗೆ ಬರುವುದಿಲ್ಲ. ಇನ್ನು ನನ್ನ ತಂಗಿ ಇಲ್ಲೇ ಇರಬಹುದಲ್ಲವಾ?’

ಅಣ್ಣನ ಗದ್ದೆಯಲ್ಲೂ ಸುಗ್ಗಿ ಹೊಡೆ ಹೊರಟಿತ್ತು. ನೀರಿಲ್ಲದೆ ಅದು ಜಳ್ಳಾಗುವುದೆಂದು ಅವನಿಗೆ ಗೊತ್ತಿತ್ತು. ನಾನು ಕೂತಲ್ಲೇ ಕೂತು ಅತ್ತೆ. ಗಂಡ ನೀರಿನಿಂದ ಮೇಲೆ ಬಂದು ಅಣ್ಣನ ಕೈ ಹಿಡಿದುಕೊಂಡರು. ನಾನು ಏಡಿ ಹಿಡಿದು ಬಂದದ್ದು ಇನ್ನೊಂದು ಗಳಿಗೆ ಮೊದಲಾಗಿದ್ದರೆ, ಅವನು ಇನ್ನೊಂದು ಗಳಿಗೆ ತಡ ಮಾಡಿದ್ದರೆ ಎಂದು ಎಷ್ಟು ಸಲ ಲೆಕ್ಕ ಹಾಕಿದ್ದೇನೋ. ಆ ಲೆಕ್ಕ ಎಂದೂ ಕೂಡಿ ಬರುವುದಿಲ್ಲ.

ಯಜಮಾನರು ಕ್ಷಮೆ ಕೇ‍ಳಿದ್ದನ್ನು ನಾನು ಕಾಣೆ. ಅಂದು ಮಧ್ಯಾಹ್ನ ಊಟ ಮಾಡದೆ ಆಳುಗಳನ್ನು ಕರೆದುಕೊಂಡು ಅಣ್ಣನ ಕಟ್ಟಕ್ಕೆ ಹೋದರು. ತಾವೇ ಮಣ್ಣು ಮೆಟ್ಟಿದರಂತೆ. ಆದರೆ ಹರಿದು ಹೋದ ನೀರನ್ನು ಯಾರು ಹಿಂದೆ ತರುತ್ತಾರೆ? ಅಣ್ಣನ ಸುಗ್ಗಿ ಹೋಯಿತು. ನಮ್ಮದು ಅರ್ಧ ಕೈಗೆ ಹತ್ತಿತು. ಕೊಳಕೆಯನ್ನು ಆ ವರ್ಷ ಎರಡು ಕಡೆಯೂ ಬಿತ್ತಲಿಲ್ಲ. ಬೈಲಿನವರೆಲ್ಲ ಏಡಿ ಹಿಡಿದದ್ದೇ ಹಿಡಿದದ್ದು. ಏಡಿಯ ಸಾರು ತಿಂದು ತಿಂದು ಇವತ್ತಿಗೂ ನನಗೆ ಅದು ಎದುರಿಗೆ ಬಂದರೆ ಆಗುವುದಿಲ್ಲ. ಎಷ್ಟು ಹಿಡಿದರೂ ಬೆಳಗ್ಗೆ ಕಟ್ಟ ಸೋರುತ್ತಿತ್ತು. ನೀರುನಾಯಿ ಒಂದು ರಾತ್ರಿಯಲ್ಲಿ ಮಾಡುತ್ತಿದ್ದ ಕೆಲಸವನ್ನು ಇಡೀ ಬೈಲು ಸೇರಿದರೂ ನಮ್ಮಿಂದ ಮಾಡಲಾಗಲಿಲ್ಲ. ಕಟ್ಟ ಕಟ್ಟುವವರು ನಾವು ಎಂದು ತಿಳಿದಿದ್ದೆವು. ಅದನ್ನು ಕಾಯುವವರೂ ಇದ್ದರು, ಒಂದು ಹೊತ್ತಿನ ಊಟಕ್ಕೂ ನಮ್ಮ ಮನೆಗೆ ಬಂದವರಲ್ಲ. ಅವರು ಕೇಳಿದ್ದು ಹಿಕ್ಕೆ ಹಾಕಲು ಒಂದು ಬಂಡೆ. ಅದನ್ನೂ ನಾವು ಬಯ್ದುಕೊಂಡು ಕೊಟ್ಟೆವು.

ಮರುವರ್ಷ ಆ ವ್ಯಾಪಾರಿ ಮತ್ತೆ ಬಂದಾಗ ಮಾಮಿ ಅಂಗಳದ ತುದಿಯಲ್ಲೇ ತಡೆದರು. ‘ಇಲ್ಲಿ ಇನ್ನು ಉಳಿದದ್ದು ನಮ್ಮ ತೊಗಲು ಮಾತ್ರ’ ಎಂದರು. ಸಬ್ಬಲು ಅವರ ಮಂಚದ ಕೆಳಗಿನಿಂದ ಕೊಟ್ಟಿಗೆಗೆ ಬಂತು. ಅವರು ನನ್ನ ಹಿಂದೆ ಬಂಡೆಗೆ ಬರುವುದನ್ನು ಮಾತ್ರ ಬಿಡಲಿಲ್ಲ. ಈಗ ಬರುತ್ತಿದ್ದುದು ಬಂಡೆಯನ್ನು ಮೂಸಲಿಕ್ಕೆ. ಹಾಗೆಂದು ಅವರು ಹೇಳಿದರು. ನಾನು ಪೂರ್ತಿ ನಂಬಲಿಲ್ಲ.

ನೀರುನಾಯಿ ಬರಲಿಲ್ಲ. ಅರುವತ್ತರ ದಶಕದಲ್ಲಿ ಬಂಟ್ವಾಳದ ಅಂಗಡಿಗೆ ಏಡಿಗೆ ಹಾಕುವ ಮದ್ದು ಬಂತು. ಹಾಕಿದವರ ಗದ್ದೆಯಲ್ಲಿ ಏಡಿಯ ಜೊತೆ ಕಪ್ಪೆಯೂ ಸತ್ತಿತು, ತೋಡಿನ ಮೀನೂ ಹೊಟ್ಟೆ ಮೇಲೆ ಮಾಡಿ ತೇಲಿತು. ಆ ಡಬ್ಬಿಯನ್ನು ನಾನು ನಮ್ಮ ಅಂಗಳಕ್ಕೆ ಸೇರಿಸಲಿಲ್ಲ. ಅಣ್ಣ ನಮ್ಮ ಮನೆಗೆ ಬಂದಾಗಲೆಲ್ಲ ಮೊದಲು ಬಂಡೆಗೆ ಹೋಗಿ ಬಗ್ಗಿ ಮೂಸಿ, ಆಮೇಲೆ ಮೆಟ್ಟಿಲು ಹತ್ತುತ್ತಿದ್ದ. ‘ಇಲ್ಲ’ ಎಂದಷ್ಟೇ ಹೇಳುತ್ತಿದ್ದ. ಕಟ್ಟ ಒಡೆದ ಮಾತನ್ನು ಅವನು ಒಂದು ದಿನವೂ ಎತ್ತಲಿಲ್ಲ. ಕಣ್ಣು ಹೋದ ಮೇಲೆ ಅವನು ಮೇಲೆ ಬರುವುದು ನಿಂತಿತು. ನಾನು ಹೋದರೆ ಸೌಖ್ಯವಾ ಎಂದು ಕೇಳುವ ಬದಲು, ‘ಬಂಡೆ ನಾರ್ತದಾ?’ ಎಂದು ಕೇಳುವನು. ‘ಇಲ್ಲ’ ಎಂದು ಹೇಳುವ ಸರದಿ ನನ್ನದಾಯಿತು.

ದಿನೇಶ ಹಲಗೆ ನೋಡಿ ವಾಪಸು ಬಂದಾಗ ನಾನು ಉಪ್ಪಳಿಗೆ ಎಲೆಯಲ್ಲಿ ಹಿಕ್ಕೆ ಕಟ್ಟಿಕೊಂಡು ಕೂತಿದ್ದೆ.

‘ಅಜ್ಜಿ, ಅದನ್ನು ಎಂತಕ್ಕೆ?’

‘ನಿನ್ನ ಸಂಕಪ್ಪಜ್ಜನ ಮನೆಗೆ. ಹೋಗುವ.’

‘ಜೀಪೆಲ್ಲ ನಾರ್ತದೆ.’

‘ನಾರಲಿ’ ಎಂದೆ.

ಅಣ್ಣ ಜಗಲಿಯಲ್ಲಿ ಕೂತಿದ್ದ. ನನ್ನ ಹೆಜ್ಜೆಯ ಸದ್ದಿಗೆ ಮುಖ ಎತ್ತಿದ. ನಾನು ಪೊಟ್ಟಣ ಬಿಚ್ಚಿ ಅವನ ಅಂಗೈಯಲ್ಲಿಟ್ಟೆ. ಮೂಗಿನ ಹತ್ತಿರ ತಂದವನು ಅಲ್ಲೇ ಹಿಡಿದುಕೊಂಡ.

‘ದಿನೇಶ ಮೀನಿನ ಮಾರ್ಕೆಟಿಗೆ ಹೋಗಿದ್ದನಾ?’

‘ಇಲ್ಲ ಅಣ್ಣ.’

‘ಮುದುಕನಿಗೆ ಖುಷಿಯಾಗಲಿ ಅಂತ ನೀನು ಎಲ್ಲಿಂದಾದರೂ ಏಡಿಚಿಪ್ಪು ಪುಡಿ ಮಾಡಿ ತಂದದ್ದಲ್ಲ ಅಲ್ಲವಾ?’

‘ನನ್ನ ಮೇಲೆ ಸಂಶಯವಾ ನಿನಗೆ?’

‘ನಾನೂ ಅದೇ ಮನೆಯಲ್ಲಿ ಹುಟ್ಟಿದವನಲ್ಲವಾ’ ಎಂದ.

ಬೆರಳುಗಳ ನಡುವೆ ಹಿಕ್ಕೆಯನ್ನು ಹಿಸುಕಿದ. ಚಿಪ್ಪಿನ ಚೂರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ‘ಇವು ಅಂದು ಇದ್ದಿದ್ದರೆ ನಾನು ಕಟ್ಟ ಒಡೆಯಬೇಕಾಗಿರಲಿಲ್ಲ’ ಎಂದ. ಅಷ್ಟೂ ವರ್ಷಗಳಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೊಂದೇ ಸಲ. ನಾನು ಅವನ ಪಕ್ಕದಲ್ಲಿ ಕೂತು ಅವನ ಮೊಣಕೈ ಹಿಡಿದುಕೊಂಡೆ.

ಆಮೇಲೆ ಅವನು ಗೋಡೆ ತಡವಿ ಊರುಗೋಲು ತೆಗೆದುಕೊಂಡ.

‘ನನ್ನನ್ನು ಆ ಬಂಡೆಗೆ ಕರ್ಕೊಂಡು ಹೋಗು. ನಾನೇ ಮೂಸಿ ನೋಡ್ಬೇಕು.’

ಜೀಪಿನಲ್ಲಿ ದಾರಿಯುದ್ದಕ್ಕೂ ಆ ಎಲೆಯ ಪೊಟ್ಟಣವನ್ನು ಅವನು ಕೈಬಿಡಲಿಲ್ಲ.